ಕುಡಿಯುವ ನೀರಿನ ಪರೀಕ್ಷಾ ವರದಿ: ಅಂಕಿಗಳನ್ನು ಲೆಕ್ಕ ಹಾಕುವ ಬಗೆ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಭಾಗದ ಗ್ರಾಮಗಳಲ್ಲಿ ನದಿ ನೀರಿನ ಯೋಜನೆಗಳ ಜೊತೆಗೆ ಕೊಳವೆ ಬಾವಿಗಳೂ ಬಳಕೆಯಲ್ಲಿವೆ. ಜಿಲ್ಲೆಯ ಕೆಲವು ಕೊಳವೆ ಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಂಶವು ಮಿತಿ ಮೀರಿರುವುದು ಕಂಡುಬಂದಿದೆ. ಇದಕ್ಕೆ ಬಣ್ಣ, ವಾಸನೆ, ರುಚಿ ಇಲ್ಲದ ಕಾರಣ ಪರೀಕ್ಷೆಯ ಅಂಕಿಯೇ ಆಧಾರ.

ಭಾರತೀಯ ಮಾನಕ 10500ರ (2012) ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.0 ಮಿ.ಗ್ರಾಂ. ಮೀರಬಾರದು, ಬೇರೆ ಜಲಮೂಲ ಇಲ್ಲದಿದ್ದಲ್ಲಿ ಮಾತ್ರ 1.5 ಮಿ.ಗ್ರಾಂ.ವರೆಗೆ ಅವಕಾಶವಿದೆ. ಆದರೆ ದೇಹ ಸೇರುವ ಪ್ರಮಾಣವನ್ನು ತಿಳಿಯಲು ಈ ಅಂಕಿಯನ್ನು ದಿನಕ್ಕೆ ಕುಡಿಯುವ ಲೀಟರುಗಳಿಂದ ಗುಣಿಸಬೇಕು. 3 ಮಿ.ಗ್ರಾಂ. ಇರುವ ನೀರನ್ನು 2 ಲೀಟರ್ ಕುಡಿದವರಿಗೆ 6 ಮಿ.ಗ್ರಾಂ., ಬೇಸಿಗೆಯಲ್ಲಿ ಹೊಲದಲ್ಲಿ ದುಡಿದು 4 ಲೀಟರ್ ಕುಡಿದವರಿಗೆ 12 ಮಿ.ಗ್ರಾಂ. ಸೇರುತ್ತದೆ. ಸುಮಾರು 8 ವರ್ಷದೊಳಗಿನ ಮಕ್ಕಳಲ್ಲಿ ಹಲ್ಲಿನ ಕವಚವನ್ನು ರೂಪಿಸುವ ಜೀವಕೋಶಗಳ ಕಾರ್ಯಕ್ಕೆ ಅಧಿಕ ಫ್ಲೋರೈಡಿನಿಂದ ಅಡ್ಡಿಯಾಗಿ ಕಲೆಗಳು ಉಂಟಾಗುತ್ತವೆ. ನಂತರ ನೀರನ್ನು ಬದಲಿಸಿದರೂ ಅವು ಅಳಿಯುವುದಿಲ್ಲ.

ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುತ್ತದೆಂಬುದು ತಪ್ಪು ತಿಳಿವಳಿಕೆ. 1.5 ಮಿ.ಗ್ರಾಂ.ನ 10 ಲೀಟರ್ ನೀರು ಕುದಿದು 8 ಲೀಟರಿಗೆ ಇಳಿದರೆ, ಲೀಟರಿಗೆ ಸುಮಾರು 1.9 ಮಿ.ಗ್ರಾಂ. ಆಗುತ್ತದೆ. ಬೆರೆಸುವುದರಿಂದ ಪ್ರಯೋಜನವುಂಟು: 3 ಮಿ.ಗ್ರಾಂ.ನ ಒಂದು ಕೊಡ ಕೊಳವೆ ಬಾವಿ ನೀರಿಗೆ 0.5 ಮಿ.ಗ್ರಾಂ.ನ ನಾಲ್ಕು ಕೊಡ ನದಿ ನೀರು ಸೇರಿಸಿದಲ್ಲಿ ಮಿಶ್ರಣವು ಸರಿಯಾಗಿ 1.0 ಮಿ.ಗ್ರಾಂ.ಗೆ ಬರುತ್ತದೆ. ಅಷ್ಟು ನದಿ ನೀರು ದೊರೆಯುವ ಮನೆಯವರು ಕುಡಿಯಲು ಮತ್ತು ಅಡುಗೆಗೆ ಅದನ್ನೇ ಬಳಸುವುದು ಮೇಲು.

ಎರಡನೆಯ ಅಪಾಯ ಬ್ಯಾಕ್ಟೀರಿಯಾ. ಅನುಕೂಲ ಸ್ಥಿತಿಯಲ್ಲಿ ಇ-ಕೊಲೈ ಜೀವಕೋಶವು ಸುಮಾರು 20 ನಿಮಿಷಕ್ಕೊಮ್ಮೆ ಎರಡಾಗುತ್ತದೆ. ಈ ಲೆಕ್ಕದಂತೆ 7 ಗಂಟೆಗಳಲ್ಲಿ 21 ಬಾರಿ ದ್ವಿಗುಣಗೊಂಡು ಒಂದು ಜೀವಕೋಶ 20,97,152 ಆಗುತ್ತದೆ. ತೊಟ್ಟಿಯ ನೀರಿನಲ್ಲಿ ಪೋಷಕಾಂಶ ಕಡಿಮೆಯಿರುವುದರಿಂದ ಇಷ್ಟು ವೇಗವಿರುವುದಿಲ್ಲ. ಆದರೂ ಮಾದರಿಯನ್ನು ತಂಪಾಗಿರಿಸಿ 24 ಗಂಟೆಯೊಳಗೆ ತಲುಪಿಸಬೇಕೆಂಬ ನಿಯಮಕ್ಕೆ ಕಾರಣ ಇದೇ.

ತೊಟ್ಟಿಗೆ ಬ್ಲೀಚಿಂಗ್ ಪುಡಿಯನ್ನು ಅಂದಾಜಿನ ಮೇಲೆ ಹಾಕಬಾರದು. 3 ಮೀಟರ್ ವ್ಯಾಸದ ದುಂಡನೆಯ ತೊಟ್ಟಿಯಲ್ಲಿ 1.5 ಮೀಟರ್ ನೀರಿದ್ದಲ್ಲಿ, 3.14 × 1.5 × 1.5 × 1.5ರಂತೆ ಅದು ಸುಮಾರು 10,600 ಲೀಟರ್. ಲೀಟರಿಗೆ 2 ಮಿ.ಗ್ರಾಂ. ಕ್ಲೋರಿನ್ ಬೇಕೆಂದು ಪರೀಕ್ಷೆಯಲ್ಲಿ ತಿಳಿದುಬಂದರೆ ಒಟ್ಟು 21.2 ಗ್ರಾಂ ಕ್ಲೋರಿನ್ ಅಗತ್ಯ. ಶೇ. 33 ಕ್ಲೋರಿನ್ ಇರುವ ಹೊಸ ಪುಡಿಯಾದರೆ 64 ಗ್ರಾಂ ಸಾಕು, ತೆರೆದಿಟ್ಟು ಶೇ. 20ಕ್ಕೆ ಇಳಿದ ಪುಡಿಯಾದರೆ 106 ಗ್ರಾಂ ಬೇಕು. ಹಳೆಯ ಪುಡಿಯನ್ನು ಹೊಸದರ ಅಳತೆಯಲ್ಲೇ ಹಾಕಿದ ತೊಟ್ಟಿ ಶುದ್ಧವೆಂದು ತೋರಿದರೂ ಶುದ್ಧವಾಗಿರುವುದಿಲ್ಲ. ಪುಡಿ ಬೆರೆಸಿ ಕನಿಷ್ಠ ಅರ್ಧ ಗಂಟೆಯ ನಂತರ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿ.ಗ್ರಾಂ. ಕ್ಲೋರಿನ್ ಉಳಿದಿರಬೇಕು.

ಪರೀಕ್ಷೆ ಬಯಸುವ ಗ್ರಾಮಸ್ಥರು ತಮ್ಮ ಗ್ರಾಮ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿಗಳಿಗೆ ಲಿಖಿತ ಮನವಿ ಸಲ್ಲಿಸಿ ಸ್ವೀಕೃತಿ ಪಡೆಯಬಹುದು. ಮನವಿಯಲ್ಲಿ ಜಲಮೂಲದ ಸ್ಥಳ, ಕೊಳವೆ ಬಾವಿಯ ಆಳ ಹಾಗೂ ಮಾದರಿ ತೆಗೆದ ದಿನಾಂಕ ಮತ್ತು ವೇಳೆಯನ್ನು ನಮೂದಿಸುವುದು. ಫ್ಲೋರೈಡ್ ಪರೀಕ್ಷೆಗೆ ಶುಚಿಯಾದ ಪ್ಲಾಸ್ಟಿಕ್ ಬಾಟಲಿ ಸಾಕಾಗುತ್ತದೆ. ಬ್ಯಾಕ್ಟೀರಿಯಾ ಪರೀಕ್ಷೆಗೆ ಕ್ರಿಮಿಶುದ್ಧೀಕರಿಸಿದ ಬಾಟಲಿಯನ್ನು ಪ್ರಯೋಗಾಲಯದಿಂದಲೇ ಪಡೆಯತಕ್ಕದ್ದು.