ದುಡ್ಡು ಕೊಟ್ಟು ಅಳುವುದೇಕೆ?

ನಮ್ಮ ವಾಚನಾಲಯಕ್ಕೆ ಪ್ರತಿ ರಾತ್ರಿ ಒಂಬತ್ತರ ಸುಮಾರಿಗೆ ಬಂದು, ಬೆಳಗಿನ ಪತ್ರಿಕೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿ, ಅಚ್ಚುಕಟ್ಟಾಗಿ ಮಡಿಸಿಟ್ಟು ಹೋಗುವ ಹಿರಿಯರೊಬ್ಬರಿದ್ದಾರೆ. ಹೋಟೆಲಿನ ಗಲ್ಲಾದ ಮೇಲೆ ಮೂವತ್ತು ವರ್ಷ ಕುಳಿತವರು. ಮೊನ್ನೆ ನಾವು ನಾಲ್ಕೈದು ಮಂದಿ ಒಂದು ಸಿನಿಮಾದ ವಿಷಯ ಮಾತನಾಡುತ್ತ, ಕೊನೆಗೆ ಕಣ್ಣು ಒದ್ದೆಯಾಯಿತೆಂದು ಹೇಳಿಕೊಳ್ಳುತ್ತಿದ್ದಾಗ ಅವರು ಪತ್ರಿಕೆಯಿಂದ ತಲೆಯೆತ್ತಿ ಕೇಳಿದರು: "ಅಲ್ಲ ಮಾರಾಯ್ರೇ, ಅಳ್ಲಿಕ್ಕೆ ಮನೆಯಲ್ಲಿ ಕಾರಣ ಕಡ್ಮೆ ಆಯ್ತಾ? ಅದಕ್ಕೂ ಟಿಕೆಟ್ ತೆಗೀಬೇಕಾ?"

ಎಲ್ಲರೂ ನಕ್ಕೆವು. ಆದರೆ ಮನೆಗೆ ನಡೆಯುತ್ತ ಯೋಚಿಸಿದಾಗ ಅದು ನಕ್ಕು ಬಿಡುವ ಪ್ರಶ್ನೆಯಲ್ಲವೆನಿಸಿತು. ದುಡಿದ ದುಡ್ಡು ಕೊಟ್ಟು ಮನುಷ್ಯ ದುಃಖವನ್ನು ನೋಡಲು ಏಕೆ ಹೋಗಬೇಕು? ಈ ಪುಟದಲ್ಲಿ ಅದಕ್ಕೆ ಉತ್ತರ ಹೇಳಲು ಯತ್ನಿಸುತ್ತೇವೆ. ನಾವು ಸಿನಿಮಾ ಪಂಡಿತರೇನೂ ಅಲ್ಲ. ಭಿವಂಡಿಯ ಬಟ್ಟೆ ಗಿರಣಿಯೊಂದರಲ್ಲಿ ಹಾಜರಿ ಪಟ್ಟಿಯನ್ನೂ ಪಗಾರದ ಲೆಕ್ಕವನ್ನೂ ಬರೆಯುವವರು, ಓದಿದ್ದು ಮೆಟ್ರಿಕ್‌ವರೆಗೆ. ಸಿನಿಮಾದ ಹುಚ್ಚು ಮಾತ್ರ ಚಿಕ್ಕಂದಿನಿಂದ ಬಂದದ್ದು.

ನಮಗೆ ತೋರಿದಂತೆ ಚಿತ್ರಮಂದಿರದ ಕಣ್ಣೀರಿನಲ್ಲಿ ಎರಡು ಬಗೆಯುಂಟು. ಒಂದು, ಚಿತ್ರ ತೆಗೆದವರು ನಮ್ಮಿಂದ ವಸೂಲು ಮಾಡುವ ಕಣ್ಣೀರು. ಪಿಟೀಲು ಜೋರಾಗುತ್ತದೆ, ತಾಯಿ ಎದೆ ಬಡಿದುಕೊಳ್ಳುತ್ತಾಳೆ, ನಮಗೂ ಅಳು ಬರುತ್ತದೆ. ಹೊರಗೆ ಬಂದು ಚಹಾ ಕುಡಿಯುವಷ್ಟರಲ್ಲಿ ಮರೆತಿರುತ್ತೇವೆ. ಇನ್ನೊಂದು, ನಮ್ಮೊಳಗೆ ಮೊದಲೇ ಇದ್ದು ಹೊರಬರಲು ದಾರಿ ಸಿಕ್ಕದೆ ಕುಳಿತ ಕಣ್ಣೀರು. ಪ್ರಾಮಾಣಿಕವಾದ ಚಿತ್ರ ಅದಕ್ಕೆ ಬಾಗಿಲು ತೆರೆಯುತ್ತದೆ, ಅಷ್ಟೆ. ನಮ್ಮ ಪರವಾಗಿ ತಾನೇ ಅತ್ತುಬಿಡುವುದಿಲ್ಲ. ಒಂದು ವಸ್ತುವನ್ನೋ ಒಂದು ಕೆಲಸವನ್ನೋ ನಮ್ಮ ಮುಂದಿಟ್ಟು ಸುಮ್ಮನಿರುತ್ತದೆ.

ಹಳೆಯ ಉದಾಹರಣೆಯೊಂದನ್ನು ಹೇಳಿದರೆ ಮಾತು ಸ್ಪಷ್ಟವಾದೀತು. ಸತ್ಯಜಿತ್ ರಾಯ್ ಅವರ 'ಪಥೇರ್ ಪಾಂಚಾಲಿ' 1955ರಲ್ಲಿ ಬಂದದ್ದು. ಅದರಲ್ಲಿ ಗಳಿಕೆಗೆಂದು ಪರವೂರಿಗೆ ಹೋದ ತಂದೆ ಬಹಳ ಕಾಲದ ಮೇಲೆ ಮನೆಗೆ ಮರಳುತ್ತಾನೆ. ಈ ನಡುವೆ ಮಗಳು ದುರ್ಗಾ ಜ್ವರದಿಂದ ತೀರಿಹೋಗಿರುವುದು ಅವನಿಗೆ ತಿಳಿಯದು. ತಂದ ಸಾಮಾನನ್ನು ಒಂದೊಂದಾಗಿ ತೆಗೆದು ಹೆಂಡತಿಗೆ ತೋರಿಸುತ್ತ, ಮಗಳಿಗೆಂದು ತಂದ ಸೀರೆಯನ್ನೂ ತೆಗೆಯುತ್ತಾನೆ. ತಾಯಿ ಆ ಸೀರೆಯನ್ನು ಹಿಡಿದು ಅಳುತ್ತಾಳೆ. ಆದರೆ ಅವಳ ದನಿ ನಮಗೆ ಕೇಳುವುದಿಲ್ಲ. ಆ ಸ್ಥಳದಲ್ಲಿ ತಾರ್‌ಶಹನಾಯಿ ವಾದ್ಯವೊಂದರ ಸ್ವರ ಮಾತ್ರ ಕೇಳುತ್ತದೆ. ಅವಳ ದನಿ ಕೇಳಿಸಿದ್ದರೆ ಅದು ಅವಳೊಬ್ಬಳ ಅಳುವಾಗುತ್ತಿತ್ತು. ಕೇಳಿಸದೆ ಇರುವುದರಿಂದ ಪ್ರತಿಯೊಬ್ಬನೂ ಅಲ್ಲಿ ತನ್ನ ಮನೆಯ ಅಳುವನ್ನು ಕೇಳುತ್ತಾನೆ. ವರ್ಷಕ್ಕೊಮ್ಮೆ ಊರಿಗೆ ಹೋಗಿ, ಎಲ್ಲರ ಮುಂದೆ ಕುಳಿತು ಚೀಲ ಬಿಚ್ಚುವ ನಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಈ ಅಳತೆಗೋಲನ್ನು ಹಿಡಿದು, ಈಚಿನ ವರ್ಷಗಳಲ್ಲಿ ನಮ್ಮ ಮನಸ್ಸನ್ನು ಕಲಕಿದ ಮೂರು ಚಿತ್ರಗಳನ್ನು ನೋಡೋಣ.

ಮೊದಲನೆಯದು ನಮ್ಮ ಕನ್ನಡದ್ದೇ, ರಾಮ್ ರೆಡ್ಡಿಯವರ 'ತಿಥಿ'. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಬಹುಮಾನ ಪಡೆದು, 2016ರಲ್ಲಿ ಕರ್ನಾಟಕದಲ್ಲಿ ತೆರೆಕಂಡಿತು. ಮಂಡ್ಯ ಜಿಲ್ಲೆಯ ನೊದೆಕೊಪ್ಪಲು ಎಂಬ ಹಳ್ಳಿಯಲ್ಲಿ, ಆ ಭಾಗದ ಜನರನ್ನೇ ನಿಲ್ಲಿಸಿ ತೆಗೆದ ಚಿತ್ರ. ನೂರೊಂದು ವರ್ಷದ ಸೆಂಚುರಿ ಗೌಡ ಸಾಯುತ್ತಾನೆ. ಅಲ್ಲಿಂದ ಹನ್ನೊಂದನೆಯ ದಿನದ ತಿಥಿಯವರೆಗಿನದೇ ಕತೆ. ಮಗ ಗಡ್ಡಪ್ಪನಿಗೆ ಯಾವುದೂ ಬೇಡ. ಕುಡಿಯುತ್ತ, ನಡೆಯುತ್ತ ಇರುತ್ತಾನೆ. ಮೊಮ್ಮಗ ತಮ್ಮಣ್ಣನಿಗೆ ಜಮೀನು ಮಾರುವ ಆತುರ; ಬದುಕಿರುವ ತನ್ನ ತಂದೆಯನ್ನೇ ಸತ್ತನೆಂದು ಕಾಗದದಲ್ಲಿ ತೋರಿಸಲೂ ಹೇಸುವುದಿಲ್ಲ. ಮರಿಮಗನಿಗೆ ಕುರಿ ಕಾಯುವವರ ಹುಡುಗಿಯ ಮೇಲೆ ಕಣ್ಣು. ಸತ್ತವನಿಗಾಗಿ ಅಳುವವರಿಗಿಂತ ಅವನ ತಿಥಿಗಾಗಿ ಓಡಾಡುವವರೇ ಹೆಚ್ಚು. ಮಂಡ್ಯದ ಮಾತು ನಮ್ಮ ಉತ್ತರ ಕರ್ನಾಟಕದ ಕಿವಿಗೆ ಮೊದಮೊದಲು ತೊಡಕೆನಿಸಿದರೂ ಹತ್ತು ನಿಮಿಷದಲ್ಲಿ ಹೊಂದಿಕೊಂಡಿತು.

ಇಲ್ಲಿ ಸ್ವಂತದ ಮಾತೊಂದನ್ನು ಹೇಳಬೇಕು. ಎರಡು ವರ್ಷದ ಹಿಂದೆ ನಮ್ಮ ತಂದೆಯವರು ತೀರಿಕೊಂಡರು. ಫೋನು ಬಂದದ್ದು ಎರಡನೆಯ ಪಾಳಿಯ ಹೊತ್ತಿನಲ್ಲಿ. ಬಸ್ಸು ಹಿಡಿದು ಊರು ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. ಹಿರಿಯ ಮಗನೆಂದು ದಿವಸದ ಹೊಣೆಯೆಲ್ಲ ನಮ್ಮ ಮೇಲೆ ಬಿತ್ತು. ಅಕ್ಕಿ ಎಷ್ಟು, ಎಲೆ ಎಷ್ಟು, ಪೆಂಡಾಲಿನವನಿಗೆ ಮುಂಗಡವೆಷ್ಟು, ಯಾರಿಗೆ ಇನ್ನೂ ಹೇಳಿಲ್ಲ, ರಜೆ ಎಷ್ಟು ದಿನ ಉಳಿದಿದೆ – ಹೀಗೆ ಚೀಟಿ ಬರೆಯುವುದರಲ್ಲೇ ದಿನಗಳು ಕಳೆದವು. ನಾವು ಅಳಲಿಲ್ಲ. ಹುಡುಗ ಗಟ್ಟಿಗ ಎಂದು ಊರವರು ಹೊಗಳಿದರು. ನಮಗೂ ಹೌದೆನಿಸಿತು.

ಎಂಟು ತಿಂಗಳಾದ ಮೇಲೆ ಗೆಳೆಯರ ಕೋಣೆಯಲ್ಲಿ ಕುಳಿತು 'ತಿಥಿ' ನೋಡಿದೆವು. ನಗುವ ಚಿತ್ರವದು, ಎಲ್ಲರಂತೆ ನಾವೂ ನಕ್ಕೆವು. ಆದರೆ ತಮ್ಮಣ್ಣ ಸಾಲಕ್ಕೂ ಊಟದ ಏರ್ಪಾಟಿಗೂ ಓಡಾಡುವುದನ್ನು ನೋಡುತ್ತ ನೋಡುತ್ತ, ಕೈಯಲ್ಲಿ ಚೀಟಿ ಹಿಡಿದು ಊರ ಓಣಿಯಲ್ಲಿ ನಿಂತ ನಮ್ಮನ್ನೇ ಕಂಡೆವು. ತಂದೆಯ ಸಾವಿನ ಖರ್ಚು ಬರೆದಿದ್ದೆವು, ತಂದೆಯನ್ನು ನೆನೆದಿರಲಿಲ್ಲ. ಆ ರಾತ್ರಿ ಗೆಳೆಯರೆಲ್ಲ ಮಲಗಿದ ಮೇಲೆ, ಹೊರಗಿನ ನಲ್ಲಿಯ ಹತ್ತಿರ ಬಹಳ ಹೊತ್ತು ಕುಳಿತಿದ್ದೆವು. ಚಿತ್ರದಲ್ಲಿ ಯಾರೂ ನಮಗೆ 'ಅಳು' ಎಂದು ಹೇಳಿರಲಿಲ್ಲ.

ಎರಡನೆಯದು ಪಾಯಲ್ ಕಪಾಡಿಯಾ ಅವರ 'ಆಲ್ ವಿ ಇಮ್ಯಾಜಿನ್ ಆಸ್ ಲೈಟ್'. ಬೆಳಕೆಂದು ನಾವು ಭಾವಿಸಿದ್ದೆಲ್ಲ ಎಂದು ಅರ್ಥ. ಮೂವತ್ತು ವರ್ಷಗಳ ಮೇಲೆ ಕಾನ್ ಚಿತ್ರೋತ್ಸವದ ಮುಖ್ಯ ಸ್ಪರ್ಧೆಗೆ ಹೋದ ಭಾರತದ ಚಿತ್ರವಿದು. 2024ರಲ್ಲಿ ಅಲ್ಲಿ 'ಗ್ರಾಂ ಪ್ರಿ' ಬಹುಮಾನ ಪಡೆಯಿತು. ಬಹುಮಾನದ ಮಾತು ಹಾಗಿರಲಿ, ಇದು ನಮ್ಮ ಮುಂಬಯಿಯ ಕತೆ. ಮಲಯಾಳ, ಹಿಂದಿ, ಮರಾಠಿ ಮೂರೂ ಇದರಲ್ಲಿ ಬೆರೆತು ಬರುತ್ತವೆ. ಆರಂಭದಲ್ಲೇ ರಾತ್ರಿಯ ಮಾರುಕಟ್ಟೆ, ರೈಲು ಇವುಗಳ ನಡುವೆ, ಹೊರಗಿನಿಂದ ಬಂದು ನೆಲಸಿದವರ ದನಿಗಳು ಬೇರೆ ಬೇರೆ ಭಾಷೆಯಲ್ಲಿ ಕೇಳುತ್ತವೆ. ಇಷ್ಟು ವರ್ಷವಾದರೂ ಇದನ್ನು ನಮ್ಮ ಮನೆಯೆನ್ನಲು ಅಂಜಿಕೆಯಾಗುತ್ತದೆಂಬ ಅರ್ಥದ ಮಾತು ಅಲ್ಲಿ ಬರುತ್ತದೆ. ಕೋಣೆಯಲ್ಲಿದ್ದ ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಪ್ರಭಾ ಎಂಬ ಕೇರಳದ ನರ್ಸು ಇಲ್ಲಿಯ ಆಸ್ಪತ್ರೆಯಲ್ಲಿ ದುಡಿಯುತ್ತಾಳೆ. ಗಂಡ ಮದುವೆಯಾದೊಡನೆ ಜರ್ಮನಿಗೆ ಹೋದವನು. ಈಗ ಫೋನೂ ಇಲ್ಲ. ಒಂದು ದಿನ ಅಂಚೆಯಲ್ಲಿ ಅನ್ನ ಮಾಡುವ ಕುಕ್ಕರು ಬರುತ್ತದೆ, ಜರ್ಮನಿಯಲ್ಲಿ ಮಾಡಿದ್ದು. ಕಳಿಸಿದವರ ಹೆಸರಿಲ್ಲ, ಕಾಗದವಿಲ್ಲ. ರಾತ್ರಿ ಅವಳು ಅಡಿಗೆಮನೆಯ ನೆಲದ ಮೇಲೆ ಕುಳಿತು ಆ ಕುಕ್ಕರನ್ನು ತಬ್ಬಿಕೊಳ್ಳುತ್ತಾಳೆ. ಮಾತಿಲ್ಲ. ಊರಿಗೆ ದುಡ್ಡು ಕಳಿಸಿದರೆ ಎಲ್ಲವನ್ನೂ ಕಳಿಸಿದಂತಾಯಿತೆಂದು ತಿಳಿದ ಗಂಡಸರು ಈ ದೃಶ್ಯವನ್ನು ಎರಡು ಸಲ ನೋಡಬೇಕು.

ಅದೇ ಆಸ್ಪತ್ರೆಯಲ್ಲಿ ಅಡಿಗೆ ಮಾಡುವ ಪಾರ್ವತಿ, ಗಿರಣಿ ಕೆಲಸಗಾರನ ವಿಧವೆ. ಅವಳು ಬಾಳಿದ ಮನೆಯ ಜಾಗದಲ್ಲಿ ಬಿಲ್ಡರನ ಗೋಪುರ ಏಳಬೇಕಾಗಿದೆ. ಅಲ್ಲಿ ಅಷ್ಟು ವರ್ಷ ಬಾಳಿದ್ದಕ್ಕೆ ಅವಳ ಬಳಿ ಕಾಗದವಿಲ್ಲ. ಕೊನೆಗೆ ರತ್ನಾಗಿರಿಯ ಕಡೆಯ ತನ್ನ ಊರಿಗೆ ಹೊರಡುತ್ತಾಳೆ. ನಮ್ಮೊಡನೆ ಈ ಚಿತ್ರ ನೋಡಿದವರಲ್ಲಿ ಹಳೆಯ ಗಿರಣಿ ಕೆಲಸಗಾರರೊಬ್ಬರಿದ್ದರು. 1982ರ ಜನವರಿ 18ರಂದು ಮುಂಬಯಿಯ ಸುಮಾರು ಎರಡೂವರೆ ಲಕ್ಷ ಗಿರಣಿ ಕೆಲಸಗಾರರು ಹೂಡಿದ ಮುಷ್ಕರದಲ್ಲಿ ಹೊರಬಂದ ಅವರು ಮತ್ತೆ ಗೇಟಿನ ಒಳಗೆ ಹೋಗಲೇ ಇಲ್ಲ. ಕಾಗದದ ಮಾತು ಬಂದಾಗ ಅವರು ಎದ್ದು ನೀರು ಕುಡಿಯಲು ಹೋದರು. ದೃಶ್ಯ ಮುಗಿದ ಮೇಲೆಯೇ ಬಂದು ಕುಳಿತರು. ಮರುದಿನ ವಾಚನಾಲಯಕ್ಕೆ ಬರುವಾಗ ಒಂದು ತಗಡಿನ ಡಬ್ಬಿ ತಂದಿದ್ದರು. ಅದರಲ್ಲಿ ಗಿರಣಿಯ ಗೇಟ್ ಪಾಸು, ಹಳೆಯ ರೇಷನ್ ಕಾರ್ಡು, ಬಾಡಿಗೆಯ ಪಾವತಿಗಳು. "ಇವನ್ನ ಒಂದು ಸಲ ಸರಿಯಾಗಿ ಜೋಡಿಸಿ ಕೊಡಪ್ಪ" ಎಂದರು. ಎರಡು ಸಂಜೆ ಕುಳಿತು ವರ್ಷವಾರು ಜೋಡಿಸಿ ಕೊಟ್ಟೆವು. ನಲವತ್ತು ವರ್ಷ ಯಾರ ಮುಂದೆಯೂ ಬಿಚ್ಚದ ಡಬ್ಬಿಯನ್ನು ಅವರು ಬಿಚ್ಚಿದ್ದು ಈ ಚಿತ್ರದಿಂದ.

ಮೂರನೆಯದು ನೀರಜ್ ಘೈವಾನ್ ಅವರ ಹಿಂದಿ ಚಿತ್ರ 'ಹೋಮ್‌ಬೌಂಡ್', 2025ರ ಸೆಪ್ಟೆಂಬರ್ 26ರಂದು ಬಿಡುಗಡೆಯಾದದ್ದು. ಬಷಾರತ್ ಪೀರ್ ಎಂಬ ಪತ್ರಕರ್ತರು 2020ರಲ್ಲಿ 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆಗೆ ಬರೆದ ನಿಜ ಘಟನೆಯ ಲೇಖನ ಇದಕ್ಕೆ ಆಧಾರ. ಉತ್ತರದ ಹಳ್ಳಿಯೊಂದರ ಇಬ್ಬರು ಗೆಳೆಯರು, ಒಬ್ಬ ಮುಸಲ್ಮಾನ, ಒಬ್ಬ ದಲಿತ. ಪೋಲೀಸು ಪೇದೆಯ ನೌಕರಿ ಸಿಕ್ಕರೆ ಮರ್ಯಾದೆ ಸಿಕ್ಕೀತೆಂಬ ಆಸೆ. ಅದು ಕೈಗೂಡದೆ ಸೂರತ್ತಿನ ಬಟ್ಟೆ ಗಿರಣಿ ಸೇರುತ್ತಾರೆ. 2020ರ ಮಾರ್ಚಿನ ಲಾಕ್‌ಡೌನಿನಲ್ಲಿ ಊರಿಗೆ ಹೊರಟಾಗ ದಾರಿಯಲ್ಲಿ ಒಬ್ಬನಿಗೆ ಕಾಯಿಲೆಯಾಗುತ್ತದೆ. ಇನ್ನೊಬ್ಬ ಅವನನ್ನು ಬಿಡದೆ ರಸ್ತೆಯ ಬದಿಯಲ್ಲಿ ಮಡಿಲಲ್ಲಿಟ್ಟುಕೊಂಡು ಕೂರುತ್ತಾನೆ.

ಗುಮಾಸ್ತರಾದ ನಮ್ಮ ಕಣ್ಣು ಹೋದದ್ದು ಇನ್ನೊಂದು ಕಡೆಗೆ. ಚಂದನ್ ಎಂಬ ದಲಿತ ಹುಡುಗ ನೌಕರಿಯ ಅರ್ಜಿ ತುಂಬುವಾಗ ತನ್ನ ಜಾತಿಯನ್ನು ಬರೆಯದೆ ಸಾಮಾನ್ಯ ವರ್ಗವೆಂದು ಗುರುತು ಮಾಡುತ್ತಾನೆ. ಮೀಸಲಾತಿಯಿಂದ ಬರುವ ಲಾಭವನ್ನೇ ಬಿಟ್ಟುಕೊಟ್ಟು ಒಂದು ಕಾಲಂನಿಂದ ತಪ್ಪಿಸಿಕೊಳ್ಳಲು ನೋಡುತ್ತಾನೆ. ನಾವು ದಿನವೂ ಇಂಥ ಕಾಲಂಗಳನ್ನು ತುಂಬಿಸುವವರು. ಪೆನ್ನು ಹಿಡಿದವನ ಕೈ ಎಲ್ಲಿ ತಡೆಯಿತೆಂದು ಎಂದೂ ನೋಡಿದವರಲ್ಲ.

ಇನ್ನೂ ಒಂದು ಮಾತು ಒಪ್ಪಿಕೊಳ್ಳಬೇಕು. 2020ರ ಆ ದಿನಗಳಲ್ಲಿ ನಮ್ಮ ಗಿರಣಿಯ ಮಗ್ಗಗಳೂ ನಿಂತವು. ಬಿಹಾರ, ಉತ್ತರ ಪ್ರದೇಶಗಳ ಕೆಲಸಗಾರರು ನಡೆದು ಹೊರಟರು. ನಮ್ಮ ಕಲಬುರಗಿ ಕಡೆಯವರೂ ಕೆಲವರಿದ್ದರು. ಮಗ್ಗ ಮತ್ತೆ ಆರಂಭವಾದಾಗ ಬಾರದವರ ಹೆಸರಿನ ಮುಂದೆ ಗೈರುಹಾಜರಿಯ 'ಎ' ಅಕ್ಷರವನ್ನು ಹಾಕುತ್ತ ಹೋದದ್ದು ನಾವೇ. ಮುಂದೆ ಕೆಂಪು ಶಾಯಿಯಲ್ಲಿ ಹೆಸರುಗಳನ್ನು ಹೊಡೆದದ್ದೂ ನಾವೇ. ಅವರು ಊರು ಮುಟ್ಟಿದರೇ ಎಂದು ಒಬ್ಬರಿಗೂ ಫೋನು ಮಾಡಲಿಲ್ಲ, ನಂಬರು ಪಟ್ಟಿಯಲ್ಲೇ ಇತ್ತು. ಚಿತ್ರ ನೋಡಿ ಬಂದ ಮರುದಿನ ಹಳೆಯ ಪಟ್ಟಿ ತೆಗೆದು ಆರು ನಂಬರುಗಳಿಗೆ ಫೋನು ಮಾಡಿದೆವು. ನಾಲ್ಕು ಬದಲಾಗಿದ್ದವು. ಇಬ್ಬರು ಮಾತನಾಡಿದರು. ಒಬ್ಬ, "ಬಾಬೂಜಿ, ಇಷ್ಟು ದಿನದ ಮೇಲೆ ಪಗಾರ ಏನಾದರೂ ಬಾಕಿ ಇತ್ತೇ?" ಎಂದು ಕೇಳಿದ. ಇಲ್ಲ, ಸುಮ್ಮನೆ ಮಾಡಿದೆ ಎಂದೆವು. ಬೇರೆ ಏನು ಹೇಳಬೇಕೆಂದು ತೋಚಲಿಲ್ಲ.

ಈ ಚಿತ್ರಗಳಲ್ಲಿ ಕೊರತೆಯೇ ಇಲ್ಲವೆಂದಲ್ಲ. 'ಹೋಮ್‌ಬೌಂಡ್'ನಲ್ಲಿ ಕಣ್ಣಿಗೆ ಕಂಡದ್ದನ್ನೇ ಮತ್ತೆ ಬಾಯಿಬಿಟ್ಟು ಹೇಳುವ ಸ್ಥಳಗಳಿವೆ, ಸುಮ್ಮನಿದ್ದರೆ ಚೆನ್ನಾಗಿತ್ತು. ಇನ್ನು ಮೆಲ್ಲಗೆ ಸಾಗುವುದೆಲ್ಲ ಪ್ರಾಮಾಣಿಕ, ಹಾಡು ಕುಣಿತವಿರುವುದೆಲ್ಲ ಸುಳ್ಳು ಎಂದು ಯಾರೂ ತಿಳಿಯಬಾರದು. 1971ರ 'ಕಸ್ತೂರಿ ನಿವಾಸ'ದಲ್ಲಿ ಹಾಡುಗಳಿವೆ, ದೊಡ್ಡ ಬಂಗಲೆಯಿದೆ. ಆದರೂ ಎಲ್ಲವನ್ನೂ ಕಳೆದುಕೊಂಡ ಮೇಲೆಯೂ ಕೊಡುವ ಅಭ್ಯಾಸವನ್ನು ಬಿಡಲಾರದ ಮನುಷ್ಯನನ್ನು ರಾಜ್‌ಕುಮಾರ್ ಅವರು ಎಷ್ಟು ಹಿಡಿತದಿಂದ ತೋರಿಸಿದ್ದಾರೆ! ನಮ್ಮ ತಾಯಿಯವರು ಆ ಚಿತ್ರ ಟಿ.ವಿ.ಯಲ್ಲಿ ಬಂದಾಗಲೆಲ್ಲ ಸೆರಗಿನಿಂದ ಕಣ್ಣೊರಸಿಕೊಳ್ಳುತ್ತಾರೆ. ಆ ಕಣ್ಣೀರು ವಸೂಲಿಯದಲ್ಲ.

ಈಗ ಹಿರಿಯರ ಪ್ರಶ್ನೆಗೆ ಬರೋಣ. ಅಳಲು ಮನೆಯಲ್ಲಿ ಕಾರಣ ಕಡಿಮೆಯಾಗಿಲ್ಲ, ನಿಜ. ಆದರೆ ಪರವೂರಿನಲ್ಲಿ ದುಡಿಯುವ ನಮಗೆ ಅಳುವ ಹೊತ್ತು ಸಿಕ್ಕುವುದಿಲ್ಲ, ಜಾಗವೂ ಸಿಕ್ಕುವುದಿಲ್ಲ. ಒಂದು ಕೋಣೆಯಲ್ಲಿ ಆರು ಮಂದಿ ಮಲಗುವಲ್ಲಿ ಯಾರು ಅತ್ತಾರು? ಊರಿಗೆ ಫೋನು ಮಾಡಿದರೆ ಎಲ್ಲವೂ ಚೆನ್ನಾಗಿದೆ ಎನ್ನುತ್ತೇವೆ. ಅಲ್ಲಿಯವರೂ ಹಾಗೆಯೇ ಎನ್ನುತ್ತಾರೆ. ಎರಡೂ ಕಡೆಯ ಈ ಸುಳ್ಳು ಪ್ರೀತಿಯದೇ. ಆದರೆ ಅದರಿಂದ ಎಷ್ಟೋ ವಿಷಯಗಳು ಹೇಳದೆಯೇ ಉಳಿದುಬಿಡುತ್ತವೆ. ಒಳ್ಳೆಯ ಚಿತ್ರವೊಂದು ಎರಡು ಗಂಟೆಯ ಕತ್ತಲೆಯನ್ನೂ, ಯಾರೂ ನಮ್ಮನ್ನು ನೋಡದ ಒಂದು ಕುರ್ಚಿಯನ್ನೂ ಕೊಡುತ್ತದೆ. ಟಿಕೆಟಿನ ದುಡ್ಡು ಅದಕ್ಕೆ.

'ತಿಥಿ' ನೋಡಿದ ಮರುದಿನ ರಾತ್ರಿ ತಾಯಿಯವರು ಎಂದಿನಂತೆ ಫೋನಿನಲ್ಲಿ "ಊಟಾ ಆತೇನಪಾ?" ಎಂದರು. ನಾವು ಎಂದಿನಂತೆ "ಆತವ್ವಾ" ಎನ್ನಲಿಲ್ಲ. "ಇಲ್ಲವ್ವಾ, ಅಪ್ಪನ ನೆನಪು ಭಾಳ ಆಗೇತಿ" ಎಂದೆವು. ಆ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲ. ಆಮೇಲೆ ಅವರು, "ನನಗೂ ಹಂಗ ಆಗೇತಿ, ನಿನಗ ಹೇಳಿದ್ದಿಲ್ಲ" ಎಂದರು. ಅಂದು ಒಂದು ಗಂಟೆ ಮಾತನಾಡಿದೆವು.

ಇಷ್ಟನ್ನೂ ಹೋಟೆಲಿನ ಹಿರಿಯರಿಗೆ ಓದಿ ಹೇಳಿದಾಗ ಅವರು ಪತ್ರಿಕೆ ಮಡಿಸಿಟ್ಟು, "ಮುಂದಿನ ಆದಿತ್ಯವಾರ ನಾನೂ ಬರ್ತೇನೆ. ಟಿಕೆಟ್ ನಿಮ್ಮದು, ಚಹಾ ನಂದು" ಎಂದಿದ್ದಾರೆ. ಜೊತೆಗೆ ಬರುವ ವಾಚಕ ಬಂಧುಗಳು ಶನಿವಾರದೊಳಗೆ ವಾಚನಾಲಯದಲ್ಲಿ ಹೆಸರು ತಿಳಿಸಬೇಕಾಗಿ ವಿನಂತಿ.