ಹೊತ್ತೊಯ್ದ ಮನೆ, ಮರಳಿದ ಗೊಂಬೆ

ಅಪೊಮ್ಯಾಟಕ್ಸ್ ಕೋರ್ಟ್‌ಹೌಸ್ ಎಂದರೆ ನ್ಯಾಯಾಲಯವಲ್ಲ, ಅಮೆರಿಕದ ವರ್ಜೀನಿಯಾದಲ್ಲಿರುವ ಒಂದು ಪುಟ್ಟ ಹಳ್ಳಿ. ಇಲ್ಲಿನ ಇಟ್ಟಿಗೆ ಮನೆಯೊಂದರ ಪಡಸಾಲೆಯಲ್ಲಿ 1865ರ ಏಪ್ರಿಲ್ 9ರ ಭಾನುವಾರ, ದಕ್ಷಿಣದ ಸೇನಾಪತಿ ರಾಬರ್ಟ್ ಲೀ ಉತ್ತರದ ಯುಲಿಸಿಸ್ ಗ್ರ್ಯಾಂಟ್‌ಗೆ ಶರಣಾದ. ಉತ್ತರ, ದಕ್ಷಿಣ ರಾಜ್ಯಗಳ ನಾಲ್ಕು ವರ್ಷದ ಅಂತರ್ಯುದ್ಧ ಅಲ್ಲಿಂದ ತಣ್ಣಗಾಗತೊಡಗಿತು. ದಕ್ಷಿಣದ ಉಳಿದ ಪಡೆಗಳು ಜೂನ್‌ವರೆಗೆ ಒಂದೊಂದಾಗಿ ಶಸ್ತ್ರ ಕೆಳಗಿಟ್ಟವು.

ಮನೆ ವಿಲ್ಮರ್ ಮೆಕ್ಲೀನ್ ಎಂಬ ವರ್ತಕನದು. 1861ರಲ್ಲಿ, ಇದೇ ಯುದ್ಧದ ಆರಂಭದಲ್ಲಿ, ವರ್ಜೀನಿಯಾದ ಮನಾಸಸ್ ಬಳಿಯ ಅವನ ತೋಟದ ಅಡುಗೆಮನೆಗೇ ಫಿರಂಗಿ ಗುಂಡು ಬಿದ್ದಿತ್ತು. ಆಮೇಲೆ ಅವನು ಸಂಸಾರ ಕಟ್ಟಿಕೊಂಡು ಬಂದು ನೆಲೆಸಿದ್ದು ಈ ಹಳ್ಳಿಯಲ್ಲಿ.

ಲೀ ಹೊಸ ಸಮವಸ್ತ್ರ ತೊಟ್ಟು ಬಂದಿದ್ದ, ಗ್ರ್ಯಾಂಟ್‌ನ ಬೂಟಿಗೆ ಕೆಸರು ಮೆತ್ತಿತ್ತು. ಕರಾರು ಉದಾರವಾಗಿತ್ತು. ಸೋತವರಿಗೆ ಸೆರೆಮನೆಯಿಲ್ಲ; ಮತ್ತೆ ಯುದ್ಧಕ್ಕಿಳಿಯುವುದಿಲ್ಲವೆಂದು ಮಾತು ಕೊಟ್ಟು ಊರಿಗೆ ಹೋಗಬಹುದು. ಸ್ವಂತ ಕುದುರೆಯಿದ್ದವರು ಉಳುಮೆಗೆಂದು ಅದನ್ನೂ ಹೊಡೆದುಕೊಂಡು ಹೋಗಬಹುದು. ಹಸಿದಿದ್ದ ಪಡೆಗೆ 25,000 ಜನರ ಪಡಿ ಹೊರಟಿತು. ಪಕ್ಕದ ಕ್ಲೋವರ್ ಹಿಲ್ ಛತ್ರದಲ್ಲಿ ಮುದ್ರಣ ಯಂತ್ರಗಳನ್ನು ಹೂಡಿ ಬಿಡುಗಡೆ ಚೀಟಿಗಳನ್ನು ಅಚ್ಚು ಹಾಕಿದರು. ಸುಮಾರು 28,000 ಸೈನಿಕರು ಆ ಚೀಟಿ ಹಿಡಿದು ಮನೆಯ ದಾರಿ ಹಿಡಿದರು. ಯುದ್ಧ ಗೆದ್ದವನೊಬ್ಬ ಸೋತವನ ಹೊಲದ ಬಿತ್ತನೆಯನ್ನು ನೆನೆದದ್ದು ನನಗೆ ಈ ಕಥೆಯಲ್ಲೇ ದೊಡ್ಡದಾಗಿ ಕಾಣುತ್ತದೆ.

ಇಬ್ಬರೂ ಎದ್ದುಹೋದ ಮೇಲೆ ಅಧಿಕಾರಿಗಳು ಪಡಸಾಲೆಯನ್ನೇ ಖಾಲಿ ಮಾಡಿದರು. ಗ್ರ್ಯಾಂಟ್ ಕರಾರು ಬರೆದ ಮೇಜಿಗೆ ಉತ್ತರದ ಸೇನಾನಿ ಶೆರಿಡನ್ 20 ಡಾಲರ್ ಚಿನ್ನ ತೆತ್ತ. ಮೆಕ್ಲೀನ್‌ನ ಮಗಳು ಲೂಲಾಳ ಬಟ್ಟೆಗೊಂಬೆಯನ್ನೂ ಒಬ್ಬ ಕ್ಯಾಪ್ಟನ್ ಒಯ್ದ. 1893ರಲ್ಲಿ ಮನೆಯನ್ನೇ ಬಿಚ್ಚಿ ವಾಷಿಂಗ್ಟನ್‌ಗೆ ಸಾಗಿಸಿ ವಸ್ತುಸಂಗ್ರಹಾಲಯ ಮಾಡುವ ಯೋಜನೆ ನಡೆಯಿತು. ಮನೆ ಬಿಚ್ಚಿದ್ದಾಯಿತು, ಮುಂದಕ್ಕೆ ಹಣ ಸಾಲಲಿಲ್ಲ. ರಾಶಿಬಿದ್ದ ಇಟ್ಟಿಗೆ, ಮರವನ್ನು ದಶಕಗಟ್ಟಲೆ ಮಳೆ ತಿಂದಿತು, ನೆನಪಿನ ಕಾಣಿಕೆ ಹುಡುಕುವವರು ಹೊತ್ತರು.

ಇಂದು ನಾವು ನೋಡುವುದು ಮತ್ತೆ ಕಟ್ಟಿದ ಮನೆ. ಅಮೆರಿಕದ ರಾಷ್ಟ್ರೀಯ ಉದ್ಯಾನ ಇಲಾಖೆ ಹಳೆಯ ಅಡಿಪಾಯದ ಮೇಲೆಯೇ ಅದನ್ನು ಎಬ್ಬಿಸಿ 1949ರಲ್ಲಿ ಬಾಗಿಲು ತೆರೆಯಿತು. ಮರುವರ್ಷದ ಸಮಾರಂಭಕ್ಕೆ ಗ್ರ್ಯಾಂಟ್‌ನ ಮೊಮ್ಮಗನೂ ಲೀಯ ಮರಿಮಗನೂ ಒಟ್ಟಿಗೆ ಬಂದಿದ್ದರು. ಲೀ, ಗ್ರ್ಯಾಂಟ್ ಕುಳಿತ ಮೇಜುಗಳು ದೂರದ ಸಂಗ್ರಹಾಲಯಗಳಲ್ಲಿವೆ, ಇಲ್ಲಿರುವುದು ಅವುಗಳ ಪ್ರತಿರೂಪ. ಕ್ಯಾಪ್ಟನ್‌ನ ವಂಶದವರು ಗೊಂಬೆಯನ್ನು 1990ರ ದಶಕದಲ್ಲಿ ಮರಳಿಸಿದರು.

ಶರಣಾಗತಿಯ ದಿನ ಈ ಹಳ್ಳಿಯಲ್ಲಿ ಹಾನಾ ರೆನಾಲ್ಡ್ಸ್ ಎಂಬ ಗುಲಾಮ ಹೆಂಗಸೂ ಇದ್ದಳು. ಬೆಳಗಿನ ಕಾಳಗದಲ್ಲಿ ಗುಂಡೊಂದು ಅವಳಿಗೆ ತಗುಲಿತು. ಅವಳು ಗುಲಾಮಳಾಗಿಯೇ ಸತ್ತಳೆಂದು ಬಹುಕಾಲ ನಂಬಲಾಗಿತ್ತು. ಮರಣ ದಾಖಲೆ ತೆಗೆದು ನೋಡಿದರೆ ಸತ್ತದ್ದು ಏಪ್ರಿಲ್ 12ರಂದು; ಶರಣಾಗತಿ ಇಲ್ಲಿನ ಗುಲಾಮರಿಗೆ ಬಿಡುಗಡೆ ತಂದ ಮೂರು ದಿನದ ನಂತರ, ಸ್ವತಂತ್ರಳಾಗಿ. 2015ರಲ್ಲಿ, 150ನೇ ವರ್ಷದ ಸ್ಮರಣೆಯಲ್ಲಿ, ಹಳ್ಳಿ ಅವಳಿಗೆ ಅಂತ್ಯವಿಧಿ ನಡೆಸಿತು. ಹಳ್ಳಿಯಿರುವ ಕೌಂಟಿಯಲ್ಲಿ (ಜಿಲ್ಲೆಯಲ್ಲಿ) ಬಿಡುಗಡೆ ಕಂಡ ಗುಲಾಮರಿಗೆ ತಲೆಗೊಂದರಂತೆ 4,600 ದೀಪ ಹಚ್ಚಿದರು.