ಸಡಿಲಗೊಂಡ ಕಡ್ಡಿಯೂ ಅದನ್ನು ಬಿಗಿಯುವ ಕೈಯೂ

ಬಸ್ ನಿಲ್ದಾಣದ ಮಗ್ಗುಲಲ್ಲಿ, ಸಂತೆಯ ದಾರಿಯಲ್ಲಿ, ಹೈಸ್ಕೂಲಿನ ಎದುರಿಗೆ, ತಗಡಿನ ಮಾಡಿನ ಕೆಳಗೆ ಹಳೆಯ ಟೈರುಗಳನ್ನು ತೂಗುಹಾಕಿಕೊಂಡು ಇಂದಿಗೂ ಉಳಿದಿರುವ ಸೈಕಲ್ ಷಾಪುಗಳಲ್ಲಿ ಪಂಕ್ಚರ್ ಹಾಕುವುದನ್ನು ನೋಡದವರು ವಿರಳ. ಆದರೆ ಆ ಕಸುಬುದಾರನ ವಿದ್ಯೆಯ ಆಳವನ್ನು ಅರಿಯಬಯಸುವವರು ಅವನು ಚಕ್ರದ ಬೆಂಡು ತೆಗೆಯುವ ಹೊತ್ತಿನಲ್ಲಿ ಅವನ ಪಕ್ಕದಲ್ಲಿ ಸ್ವಲ್ಪ ಕಾಲ ಕುಳಿತಿರಬೇಕು. ಸಡಿಲಗೊಂಡ ಕಡ್ಡಿಗಳನ್ನು ಬಿಗಿದು, ಓಲಾಡುವ ರಿಮ್ಮನ್ನು ನೇರಕ್ಕೆ ತರುವ ಈ ಕೆಲಸವು ಹೊರನೋಟಕ್ಕೆ ಅತ್ಯಲ್ಪವೆಂದು ತೋರಿದರೂ, ಕಣ್ಣು, ಕಿವಿ, ಬೆರಳು ಈ ಮೂರೂ ಏಕಕಾಲದಲ್ಲಿ ಎಚ್ಚತ್ತಿರಬೇಕಾದ ಸೂಕ್ಷ್ಮ ಕಲೆಯೇ ಸರಿ.

ಎತ್ತಿನ ಗಾಡಿಯ ಗಾಲಿಯಲ್ಲಿ ಭಾರವು ನಾಭಿಯಿಂದ ಕೆಳಗಿನ ಮರದ ಅರೆಗೆ ಇಳಿದು, ಅದರ ಮೂಲಕ ನೆಲವನ್ನು ಸೇರುತ್ತದೆ. ಸೈಕಲ್ಲಿನ ಕಡ್ಡಿಯಾದರೋ ಎರಡು ಮಿಲಿಮೀಟರ್ ದಪ್ಪದ ತಂತಿ. ಮೇಲಿನಿಂದ ಒತ್ತಿದರೆ ಬಾಗಿಹೋಗುವಂಥದು. ಆದಕಾರಣ ಎಲ್ಲ ಕಡ್ಡಿಗಳನ್ನೂ ಮೊದಲೇ ಸೆಳೆದು ಬಿಗಿದಿರುತ್ತಾರೆ. ಉತ್ತಮವಾಗಿ ಕಟ್ಟಿದ ಚಕ್ರದಲ್ಲಿ ಒಂದೊಂದು ಕಡ್ಡಿಯ ಮೇಲಿನ ಸೆಳೆತವು ನೂರು ಕಿಲೋಗ್ರಾಂ ತೂಕದ ಆಸುಪಾಸಿನಲ್ಲಿರುತ್ತದೆ. ಸವಾರನು ಏರಿ ಕುಳಿತಾಗ ನೆಲದ ಸಮೀಪಕ್ಕೆ ಬಂದ ಕೆಲವು ಕಡ್ಡಿಗಳ ಸೆಳೆತ ಮಾತ್ರ ಗಮನಾರ್ಹವಾಗಿ ಕಡಮೆಯಾಗುತ್ತದೆಂಬುದನ್ನೂ, ಮಿಕ್ಕವುಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಾಗದೆಂಬುದನ್ನೂ ಅಮೆರಿಕದ ಇಂಜಿನಿಯರ್ ಜಾಬ್ಸ್ಟ್ ಬ್ರಾಂಟ್ ಅವರು 1981ರಲ್ಲಿ ಪ್ರಕಟವಾದ ‘ದಿ ಬೈಸಿಕಲ್ ವೀಲ್’ ಎಂಬ ಗ್ರಂಥದಲ್ಲಿ ಗಣಿತದ ಆಧಾರದಿಂದ ವಿವರಿಸಿದ್ದಾರೆ.

ಇದನ್ನು ತಿಳಿದ ಮೇಲೆ, ಕಡ್ಡಿ ಮುರಿಯುವುದು ಅತಿಯಾದ ಬಿಗಿತದಿಂದ ಎಂಬ ಜನಸಾಮಾನ್ಯರ ನಂಬಿಕೆ ನಿಲ್ಲಲಾರದು. ಮೊದಲೇ ಸಡಿಲವಾಗಿರುವ ಕಡ್ಡಿಯು ಕೆಳಕ್ಕೆ ಬಂದಾಗಲೆಲ್ಲ ಪೂರ್ಣವಾಗಿ ಸೆಳೆತವನ್ನು ಕಳೆದುಕೊಂಡು, ಮೇಲಕ್ಕೆ ಹೋದಾಗ ಮತ್ತೆ ಸೆಳೆಯಲ್ಪಡುತ್ತದೆ. ದೊಡ್ಡ ಚಕ್ರದ ಸೈಕಲ್ಲಿನಲ್ಲಿ ಒಂದು ಕಿಲೋಮೀಟರಿಗೆ ಸುಮಾರು 450 ಬಾರಿ ನಡೆಯುವ ಈ ಸೆಳೆತ-ಸಡಿಲಿಕೆಗಳಿಂದ ದಣಿದ ತಂತಿಯು ಚಕ್ರದ ನಡುವಿನ ಹಬ್ಬಿನ ರಂಧ್ರದೊಳಗೆ ಬಾಗಿ ಕುಳಿತಿರುವ ತನ್ನ ಕತ್ತಿನಲ್ಲೇ ತುಂಡಾಗುತ್ತದೆ. ಸೆಳೆತವಿಲ್ಲದ ಗಳಿಗೆಯಲ್ಲಿ, ಕಡ್ಡಿಯನ್ನು ರಿಮ್ಮಿಗೆ ಬಿಗಿಯುವ ನಿಪ್ಪಲ್ಲೂ ತಾನಾಗಿ ತಿರುಗಿ ಇನ್ನಷ್ಟು ಸಡಿಲಗೊಳ್ಳುತ್ತದೆ. ಒಂದು ಕಡ್ಡಿಯ ಆಲಸ್ಯವು ನೆರೆಯ ಕಡ್ಡಿಗಳ ಹೊರೆಯಾಗಿ, ಅವೂ ಒಂದೊಂದಾಗಿ ಕೈಬಿಡುವುದು ಹೀಗೆ.

ತಂತಿಯ ಕಡ್ಡಿಗಳ ಚಕ್ರವನ್ನು ಪ್ಯಾರಿಸ್ಸಿನ ಯೂಜೀನ್ ಮೇಯರ್ 1869ರಲ್ಲಿ ರೂಪಿಸಿದನು. ಕಡ್ಡಿಗಳು ಹಬ್ಬಿನಿಂದ ನೇರವಾಗಿ ಹೊರಡದೆ ಓರೆಯಾಗಿ ಒಂದನ್ನೊಂದು ದಾಟುವ ಇಂದಿನ ವಿನ್ಯಾಸಕ್ಕೆ ಇಂಗ್ಲೆಂಡಿನ ಕಾವೆಂಟ್ರಿ ನಗರದ ಜೇಮ್ಸ್ ಸ್ಟಾರ್ಲಿ 1874ರಲ್ಲಿ ಹಕ್ಕುಪತ್ರ ಪಡೆದನು. ಪೆಡಲ್ ತುಳಿದಾಗ ಹಬ್ಬನ್ನು ತಿರುಚುವ ಬಲವನ್ನು ರಿಮ್ಮಿಗೆ ಮುಟ್ಟಿಸಲು ಈ ಓರೆಯೇ ಸಾಧನ. ನಮ್ಮ ಹಾಲಿನವರೂ ಅಂಚೆಯವರೂ ಮೇಷ್ಟರುಗಳೂ ತುಳಿದ ಕಪ್ಪು ಬಣ್ಣದ ದೊಡ್ಡ ಸೈಕಲ್ಲುಗಳಲ್ಲಿ ಮುಂದಿನ ಚಕ್ರಕ್ಕೆ 32, ಹೆಚ್ಚು ಭಾರ ಹೊರುವ ಹಿಂದಿನ ಚಕ್ರಕ್ಕೆ 40 ಕಡ್ಡಿಗಳಿರುವ ಪದ್ಧತಿಯೂ ಇಂಗ್ಲೆಂಡಿನಿಂದ ಬಂದದ್ದೇ.

ಇನ್ನು ಕಸುಬುದಾರನ ಕೈಯನ್ನು ನೋಡೋಣ. ಅವನು ಮೊದಲು ಕಡ್ಡಿಗಳನ್ನು ಎರಡೆರಡಾಗಿ ಹಿಡಿದು ಹಿಸುಕುತ್ತಾ, ಬೆರಳಿನಿಂದ ಮೀಟುತ್ತಾ ಚಕ್ರವನ್ನು ಒಂದು ಸುತ್ತು ಬರುತ್ತಾನೆ. ಬಿಗಿಯಾದದ್ದು ಖಣ್ಣೆಂದು ಕಂಪಿಸುತ್ತದೆ, ಸಡಿಲವಾದದ್ದು ಮಂಕಾಗಿ ನುಡಿಯುತ್ತದೆ. ಬಳಿಕ ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ, ಚಕ್ರವನ್ನು ಮೆಲ್ಲನೆ ತಿರುಗಿಸಿ, ಸೀಮೆಸುಣ್ಣದ ತುಂಡನ್ನು ರಿಮ್ಮಿನ ಬಳಿ ಅಲುಗದಂತೆ ಹಿಡಿದರೆ, ಹೊರಕ್ಕೆ ವಾಲಿದ ಜಾಗವು ತಾನೇ ಗುರುತು ಹಾಕಿಸಿಕೊಳ್ಳುತ್ತದೆ. ರಿಮ್ ಎಡಕ್ಕೆ ವಾಲಿದ್ದರೆ ಆ ಜಾಗದಲ್ಲಿ ಬಲಗಡೆಯಿಂದ ಬಂದ ಕಡ್ಡಿಗಳನ್ನು ಕಾಲು ಸುತ್ತಿನಷ್ಟು ಬಿಗಿದು, ಎಡಗಡೆಯವನ್ನು ಅಷ್ಟೇ ಬಿಡಬೇಕು. ಟೈರಿನ ಕಡೆಯಿಂದ ನೋಡಿದಾಗ ನಿಪ್ಪಲನ್ನು ಬಲಕ್ಕೆ ತಿರುಗಿಸಿದರೆ ಬಿಗಿ. ಹಬ್ಬಿನ ಕಡೆಯಿಂದ ನೋಡುವವನಿಗೆ ಇದು ತಿರುವುಮುರುವಾಗಿ ಕಾಣುವುದರಿಂದ, ಮನೆಯಲ್ಲೇ ನಿಪ್ಪಲ್ ತಿರುಗಿಸುವ ಸ್ಪೋಕ್ ಕೀ ಹಿಡಿಯುವ ಹೊಸಬರು ಬಿಗಿಯಲೆಳಸಿ ಸಡಿಲಿಸಿಬಿಡುವುದುಂಟು. ಸಡಿಲವಾದ ಒಂದೇ ಕಡ್ಡಿಯನ್ನು ಹುಡುಕಿ ಅದೊಂದನ್ನೇ ಬಲವಾಗಿ ತಿರುಗಿಸುವುದಂತೂ ಇನ್ನೂ ಅಪಾಯಕರ. ಒಂದನ್ನು ಸೆಳೆದರೆ ಆ ಜಾಗದಲ್ಲಿ ರಿಮ್ಮೇ ಅತ್ತ ಸರಿಯುತ್ತದೆ.

ತುಕ್ಕು ಹಿಡಿದ ನಿಪ್ಪಲ್ಲಿಗೆ ಮೊದಲು ಒಂದು ತೊಟ್ಟು ಎಣ್ಣೆ ಬಿಟ್ಟು ಕಾಯುವ ತಾಳ್ಮೆಯೂ, ಹೊಸ ಕಡ್ಡಿಯ ತುದಿ ನಿಪ್ಪಲ್ಲನ್ನು ದಾಟಿ ಮೂಡಿದ್ದರೆ ಟ್ಯೂಬಿಗೆ ಚುಚ್ಚದಂತೆ ಅದನ್ನು ಅರದಿಂದ ಉಜ್ಜುವ ಶ್ರದ್ಧೆಯೂ ಒಳ್ಳೆಯ ಕೈಯ ಲಕ್ಷಣಗಳು. ಅದಕ್ಕಿಂತಲೂ ಮಿಗಿಲಾದ ಲಕ್ಷಣವೆಂದು ನಾನು ಭಾವಿಸುವುದು ಅವನ ಸತ್ಯವಂತಿಕೆಯನ್ನು. ಗುಂಡಿಗೆ ಬಿದ್ದು ರಿಮ್ಮೇ ಬಾಗಿದ್ದರೆ, ಕಡ್ಡಿಗಳನ್ನು ಏರುಪೇರಾಗಿ ಸೆಳೆದು ಅದನ್ನು ಕಣ್ಣಿಗೆ ನೇರವಾಗಿ ಕಾಣಿಸಬಹುದು. ಆದರೆ ಹೀಗೆ ಕಟ್ಟಿದ ಚಕ್ರ ಬಹುಕಾಲ ನಿಲ್ಲುವುದಿಲ್ಲವೆಂದು ಬಲ್ಲ ಕಸುಬುದಾರನು, ಕೂಲಿ ಕೈತಪ್ಪಿದರೂ ಚಿಂತೆಯಿಲ್ಲವೆಂದು, ರಿಮ್ ಬದಲಿಸಿರೆಂದೇ ಹೇಳುತ್ತಾನೆ. ಅಂಥವನಿರುವ ಊರು ಭಾಗ್ಯಶಾಲಿ.

ಗೇರಿನ ಸೈಕಲ್ಲುಗಳು ಬಂದ ಮೇಲೆ ಈ ವಿದ್ಯೆಯ ಅಗತ್ಯ ಹೆಚ್ಚಿದೆಯೇ ಹೊರತು ಕಡಮೆಯಾಗಿಲ್ಲ. ಹಲ್ಲುಚಕ್ರಗಳಿಗೆ ಎಡೆಮಾಡಿಕೊಡಲು ಹಿಂದಿನ ಚಕ್ರದ ಬಲಗಡೆಯ ಕಡ್ಡಿಗಳು ಹೆಚ್ಚು ನೆಟ್ಟಗೂ ಹೆಚ್ಚು ಬಿಗಿಯಾಗಿಯೂ ಇರಬೇಕಾಗುವುದರಿಂದ, ಎಡಗಡೆಯವು ಸಹಜವಾಗಿಯೇ ಸಡಿಲತೆಗೆ ಬೇಗ ಗುರಿಯಾಗುತ್ತವೆ.

ಆದುದರಿಂದ ಹೊಸ ಸೈಕಲ್ ಕೊಂಡವರಲ್ಲಿ, ಮಕ್ಕಳಿಗೆ ಕೊಡಿಸಿದವರಲ್ಲಿ ನನ್ನ ವಿನಂತಿ ಇಷ್ಟೆ: ಕಡ್ಡಿಗಳು ತಮ್ಮ ಸ್ಥಾನದಲ್ಲಿ ಕುಳಿತು ತುಸು ಸಡಿಲಗೊಳ್ಳುವ ಮೊದಲ ಒಂದೆರಡು ತಿಂಗಳೊಳಗೆ ಒಮ್ಮೆ ಚಕ್ರಗಳನ್ನು ಬಲ್ಲವನ ಕೈಗೆ ಕೊಡಿ, ಮುರಿದ ಕಡ್ಡಿಯನ್ನು ನಾಳೆಗೆಂದು ಬಿಡದೆ ಅಂದೇ ಹಾಕಿಸಿ, ಅವನು ಕೇಳಿದ ಕೂಲಿಯನ್ನು ಚೌಕಾಶಿ ಮಾಡದೆ ಕೊಡಿ.